ಅಂಗಳದಲ್ಲೇ ಹಲಗೆ ಕೊಯ್ಯೋಕೆ ಪೆಟ್ರೋಲ್ ಚೈನ್‌ಸಾನೋ, ಕರೆಂಟಿನದ್ದೋ, ಸಾಮಿಲ್ಲೋ?

ಗೋವಾದಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕರ ನಡುವೆ ಚೈನ್‌ಸಾ ಹಗ್ಗ ಎಳೆಯುವವನಿಗೆ ನೆಂಟಸ್ತಿಕೆಯ ಆಸೆ ಇಲ್ಲ ಅಂತಲೇ ಲೆಕ್ಕ. ಅಂಗಡಿಯವರೂ ಶಟರ್ ಎಳೆದು ಮಲಗುವ ಹೊತ್ತದು. ಮಡಗಾಂವ್ ಹತ್ತಿರದ ನಮ್ಮ ವಾಡ್ಯದಲ್ಲಂತೂ (ಕೇರಿಗೆ ಇಲ್ಲಿಯ ಹೆಸರು) ಮನೆಗೂ ಮನೆಗೂ ನಡುವೆ ಎದೆಮಟ್ಟದ ಒಂದು ಚಿರೆಕಲ್ಲಿನ ಗೋಡೆ, ಅಷ್ಟೇ. ಗಾಳಿಮಳೆಗೆ ಉರುಳಿದ ಹಲಸಿನ ಮರವನ್ನು ಹಲಗೆ ಮಾಡಿಸಲು ಹೊರಟಾಗ, ಯಾವುದು ಚೆನ್ನಾಗಿ ಕೊಯ್ಯುತ್ತದೆ ಅನ್ನೋದರ ಜೊತೆಗೆ, ಕೊಯ್ದ ಮೇಲೂ ಪಕ್ಕದ ಮನೆಯವರು ಮಾತಾಡಿಸುತ್ತಾರಾ ಅನ್ನೋದನ್ನೂ ನೋಡಬೇಕಾಯಿತು.

ಒಂದು ಮಾತು ಮೊದಲೇ. ಗೋವಾದಲ್ಲಿ 1984ರ ಮರ ಸಂರಕ್ಷಣಾ ಕಾಯ್ದೆ ಇದೆ, ನಿಂತ ಮರ ಕಡಿಯಲು ಅನುಮತಿ ಬೇಕು. ಬಿದ್ದದ್ದೇ ಆದರೂ ಕೊಯ್ಯುವ, ಸಾಗಿಸುವ ಮುಂಚೆ ಅರಣ್ಯ ಇಲಾಖೆಯಲ್ಲಿ ಕೇಳಿಕೊಂಡುಬಿಡಿ.

ಶಿರಸಿಯ ಭಾವನ ಹತ್ತಿರ 58 ಸಿಸಿಯ ಪೆಟ್ರೋಲ್ ಚೈನ್‌ಸಾ ಇತ್ತು, ಅದನ್ನೇ ತರಿಸಿದೆ. ಅದರ ಬಾರ್‌ಗೆ, ಅಂದರೆ ಚೈನ್ ಸುತ್ತಿ ಓಡುವ ಉದ್ದನೆಯ ಪಟ್ಟಿಗೆ, ಕಬ್ಬಿಣದ ಚೌಕಟ್ಟೊಂದನ್ನು ಬಿಗಿದರೆ ಹಲಗೆಯ ದಪ್ಪ ಮೊದಲಿಂದ ಕೊನೆವರೆಗೆ ಒಂದೇ ಸಮ ಬರುತ್ತದೆ. ಮೊದಲ ಕೊಯ್ತಕ್ಕೆ ಮಾತ್ರ ದಿಮ್ಮಿಯ ಮೇಲೆ ಅಲ್ಯೂಮಿನಿಯಂ ಏಣಿ ಕಟ್ಟಿ, ಅದರ ಮೇಲೆ ಚೌಕಟ್ಟು ಜಾರಿಸಬೇಕು. ಆಮೇಲಿನದ್ದಕ್ಕೆ ಕೊಯ್ದ ಮುಖವೇ ದಾರಿ. ಅಡ್ಡ ಕತ್ತರಿಸುವ ಚೈನಿನ ಹಲ್ಲು ಸುಮಾರು 30 ಡಿಗ್ರಿ ಓರೆ ಇರುತ್ತದೆ. ಉದ್ದಕ್ಕೆ ಸೀಳಲು ಅದನ್ನು 10 ಡಿಗ್ರಿಗೆ ಅರ ಹಾಕಿದರೆ ಹಲಗೆಯ ಮುಖ ನುಣುಪು. ಶಕ್ತಿಯಲ್ಲಿ ಈ ಯಂತ್ರಕ್ಕೆ ಎದುರಿಲ್ಲ. ಹಲಸಿನ ಅಂಟು ಮಾತ್ರ ಚೈನಿಗೂ ಅದು ಓಡುವ ಬಾರ್‌ನ ತೋಡಿಗೂ ಮೆತ್ತಿಕೊಂಡು ಕರಿ ಮೇಣವಾಗುತ್ತದೆ. ಸೀಮೆಎಣ್ಣೆಯ ಬಟ್ಟೆ ಕೈಯಲ್ಲೇ ಇರಬೇಕು.

ತೊಂದರೆ ಸದ್ದಿನದ್ದು. ಕೊಯ್ಯುವವನ ಕಿವಿಯ ಹತ್ತಿರ 105ರಿಂದ 110 ಡೆಸಿಬೆಲ್. ಬಯಲಲ್ಲಿ ದೂರ ಎರಡು ಪಟ್ಟಾದರೆ ಆರು ಡೆಸಿಬೆಲ್ ಇಳಿಯುತ್ತದೆ ಅಂತ ಲೆಕ್ಕ ಹಾಕಿದರೂ, ಇಪ್ಪತ್ತು ಮೀಟರ್ ಆಚೆಯ ಜಗಲಿಯಲ್ಲಿ 80ರ ಆಸುಪಾಸು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಇಟ್ಟ ಮಿತಿ ಹಗಲಿಗೆ 55, ರಾತ್ರಿಗೆ 45. ಅದಕ್ಕಿಂತ ಕೆಟ್ಟದ್ದು ಸದ್ದಿನ ಉದ್ದ. ಸೌದೆ ತುಂಡು ಮಾಡುವಾಗ ಅರೆ ನಿಮಿಷ ಅರಚಿ ಸುಮ್ಮನಾಗುತ್ತದೆ. ಸೀಳುವಾಗ ಥ್ರಾಟಲ್ ಪೂರ್ತಿ ಒತ್ತಿ ನಿಮಿಷಗಟ್ಟಲೆ ಒಂದೇ ಶ್ರುತಿ, ಕಿವಿಯೊಳಗೆ ಜೀರುಂಡೆ ಹೊಕ್ಕ ಹಾಗೆ. ನಮ್ಮಲ್ಲಿ ಹೊತ್ತೇರಿದ ಮೇಲೆ ಗಾಳಿ ಸಮುದ್ರದ ಕಡೆಯಿಂದ, ಅಂದರೆ ಪಡುವಣದಿಂದ. ಎಣ್ಣೆ ಬೆರೆಸಿದ ಪೆಟ್ರೋಲಿನ ಹೊಗೆಯೂ ಹಳದಿ ಪುಡಿಯೂ ನೇರ ಮೂಡಣ ಮನೆಯ ಆಂಟಿ ಒಣಗಿಸಿದ ಬಿಳಿ ಬೆಡ್‌ಶೀಟಿನ ಮೇಲೆ. ಅವರು ಬಯ್ಯಲಿಲ್ಲ. ಗೋಡೆ ಹತ್ತಿರ ಬಂದು ಬೆಡ್‌ಶೀಟ್ ಕೊಡವಿ ಒಳಗೆ ಹೋದರು. ಬಯ್ದಿದ್ದರೆ ವಾಸಿ ಇತ್ತು.

ಕರೆಂಟಿನ ಚೈನ್‌ಸಾ ಎರಡು ಸಾವಿರ ವಾಟ್‌ನದ್ದು, 16 ಇಂಚಿನ ಬಾರ್. ಚೌಕಟ್ಟೇ ಒಂದಿಷ್ಟು ಜಾಗ ತಿನ್ನುವುದರಿಂದ ಒಂದಡಿಗಿಂತ ಅಗಲದ ಹಲಗೆ ಆಸೆ ಬೇಡ. ನಿಧಾನ, ಮೋಟರ್ ಬಿಸಿಯಾದರೆ ಕಾಯಬೇಕು. ಸಪೂರ ಎಕ್ಸ್‌ಟೆನ್ಷನ್ ವಯರ್ ಹಾಕಿದರೆ ವೋಲ್ಟೇಜ್ ಕುಸಿದು ವಯರೇ ಬಿಸಿಯಾಗುತ್ತದೆ. 16 ಆಂಪ್ ಸಾಕೆಟ್ಟು, 2.5 ಚದರ ಮಿಲಿಮೀಟರಿನ ವಯರು ಬೇಕೇ ಬೇಕು. ಇಷ್ಟೆಲ್ಲ ಕೊರತೆ ಇದ್ದರೂ ನನ್ನ ಓಟು ಇದಕ್ಕೇ. ಹೊಗೆ ಇಲ್ಲ, ಸದ್ದು ಕಡಿಮೆ, ಗುಂಡಿ ಬಿಟ್ಟ ಕೂಡಲೇ ಪೂರ್ತಿ ಮೌನ. ಪೆಟ್ರೋಲಿನದ್ದು ಕೊಯ್ಯದಿದ್ದಾಗಲೂ ಗುಡುಗುಡು ಅನ್ನುತ್ತಲೇ ಇರುತ್ತದೆ, ಮತ್ತೆ ಹಗ್ಗ ಎಳೆಯುವ ಸೋಮಾರಿತನಕ್ಕೆ ನಾವೂ ಆರಿಸುವುದಿಲ್ಲ. ಇದರಲ್ಲಿ ಎರಡು ಕೊಯ್ತದ ನಡುವೆ ಆಂಟಿ ಗೋಡೆಯಾಚೆಯಿಂದ "ಇನ್ನೆಷ್ಟಿದೆ?" ಅಂತ ಕೊಂಕಣಿಯಲ್ಲಿ ಕೇಳಿದ್ದೂ ಕೇಳಿಸಿತು. ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೆರಡು, ಭಾನುವಾರ ಇಲ್ಲ, ಬಟ್ಟೆ ಒಣಗಿಸುವ ದಿನ ಇಲ್ಲ ಅಂತ ಅವತ್ತೇ ಮಾತಾಯಿತು. ಬುಡದ ದಪ್ಪ ದಿಮ್ಮಿಯನ್ನು ಮಾತ್ರ ಪೆಟ್ರೋಲ್ ಯಂತ್ರದಿಂದ ಒಮ್ಮೆ ನಡುವೆ ಸೀಳಿಸಿಕೊಂಡೆ, ಅದೂ ಮುಂಚೆ ಹೇಳಿ. ಹೊರಮೈ ಚಕ್ಕೆಗಳು ಅವರ ಬಚ್ಚಲೊಲೆಗೆ ಹೋದವು. ತುರಿಮಣೆಗೆ ಒಂದು ತುಂಡು ಬೇಕು ಅಂತಲೂ ಹೇಳಿಟ್ಟಿದ್ದಾರೆ.

ಹಾಗಾದರೆ ಸಾಮಿಲ್ಲೇ ಯಾಕಲ್ಲ? ಮರ ಉಳಿಸುವುದರಲ್ಲಿ ಅದೇ ಮೇಲು. ಚೈನ್‌ಸಾ ಒಂದು ಕೊಯ್ತಕ್ಕೆ ಎಂಟೊಂಬತ್ತು ಮಿಲಿಮೀಟರ್ ಪುಡಿ ಮಾಡುತ್ತದೆ, ಸಾಮಿಲ್ಲಿನ ಪಟ್ಟಿ ಗರಗಸ ಎರಡು ಮೂರು. ಐದು ಕೊಯ್ತಕ್ಕೆ ಒಂದೂವರೆ ಇಂಚಿನ ಹಲಗೆಯೊಂದು ಪುಡಿಯಾಗಿ ಹೋಯಿತು ಅಂತಲೇ ತಿಳಿಯಿರಿ. ದಿಮ್ಮಿ ಹೆಚ್ಚಿದ್ದು ಅಂಗಳದವರೆಗೆ ಟೆಂಪೋ ಬರುವುದಾದರೆ ನಾನೂ ಅಲ್ಲಿಗೇ ಕಳಿಸುತ್ತಿದ್ದೆ. ನಮ್ಮ ಓಣಿಗೆ ಸ್ಕೂಟರ್ ಬರುವುದೇ ಕಷ್ಟ. ಮೇಲಾಗಿ ಅಂಗಳದ ಮರ ಅಂದಕೂಡಲೇ ಮಿಲ್ಲಿನವ ಮುಖ ಹಿಂಡಿದ: "ಮೊಳೆ ಇರುತ್ತದೆ, ಬ್ಲೇಡ್ ಹೋದರೆ ನೀವೇ ಕೊಡಬೇಕು." ಅವನ ಮಾತು ಸುಳ್ಳಲ್ಲ. ಬಟ್ಟೆಹಗ್ಗಕ್ಕೆ ಯಾವ ಕಾಲದಲ್ಲೋ ಹೊಡೆದ ಮೊಳೆಯನ್ನು ಮರ ನುಂಗಿ, ಅದರ ಸುತ್ತ ನೀಲಿಗಪ್ಪು ಕಲೆ ಹಬ್ಬಿತ್ತು. ಕೊಯ್ತ ಅಲ್ಲಿಗೆ ಬಂದಾಗ ಚೈನಿನ ಹಲ್ಲು ಹೋಯಿತು. ಅರ ಹಾಕಿ ಮುಂದುವರಿಸಿದೆ.