ಹೆಸರಿಲ್ಲದ ಕಪ್ಪು ಕವರ್: ‘ಅನ್‌ನೋನ್ ಪ್ಲೆಶರ್ಸ್’ ಎಲ್‌ಪಿ ಕೊಂಡ ಮೇಲೆ

ಮೂರು ತಿಂಗಳ ಹಿಂದೆ ಜಾಯ್ ಡಿವಿಷನ್ ಅನ್ನೋ ಇಂಗ್ಲೆಂಡಿನ ರಾಕ್ ಬ್ಯಾಂಡಿನ ‘ಅನ್‌ನೋನ್ ಪ್ಲೆಶರ್ಸ್’ ಆಲ್ಬಮ್ಮಿನ ಎಲ್‌ಪಿ, ಅಂದರೆ ಸೂಜಿ ಇಟ್ಟು ಕೇಳುವ ದೊಡ್ಡ ರೆಕಾರ್ಡ್, ತರಿಸಿಕೊಂಡೆ. 180 ಗ್ರಾಂ ತೂಕದ ಮರುಮುದ್ರಣ. ಹಾಡುಗಳು ಫೋನಿನಲ್ಲೇ ಇವೆ, ಹತ್ತು ವರ್ಷದಿಂದ ಕೇಳುತ್ತಲೇ ಇದ್ದೇನೆ. ಹಾಗಾಗಿ ಈ ಸಲ ದುಡ್ಡು ಕೊಟ್ಟಿದ್ದು ಕವರಿಗೆ. ಈ ಬರಹವೂ ಹೆಚ್ಚಾಗಿ ಕವರಿನ ಬಗ್ಗೆಯೇ.

ಆ ಚಿತ್ರವನ್ನು ನೀವು ನೋಡೇ ಇರುತ್ತೀರಿ. ಕಪ್ಪು ಟೀ ಶರ್ಟ್, ಎದೆಯ ಮೇಲೆ ಬಿಳಿ ಗೆರೆಗಳು, ಒಂದರ ಕೆಳಗೊಂದು, ಎರಡೂ ಬದಿ ಚಪ್ಪಟೆ, ನಡುವೆ ಮಾತ್ರ ಏರಿಳಿತ. ಬ್ರಿಗೇಡ್ ರೋಡಿನಲ್ಲಿ ಒಂದು ಸಂಜೆ ನಿಂತರೆ ಒಂದಾದರೂ ಕಣ್ಣಿಗೆ ಬೀಳುತ್ತದೆ. ಹಾಕಿಕೊಂಡ ಎಷ್ಟೋ ಜನರಿಗೆ ಅದು ಒಂದು ಆಲ್ಬಮ್ಮಿನ ಕವರ್ ಅಂತ ಗೊತ್ತಿರುವುದಿಲ್ಲ. ಅವರದೇನೂ ತಪ್ಪಿಲ್ಲ. ಕವರಿನ ಮೇಲೇ ಬರೆದಿಲ್ಲವಲ್ಲ.

ಪಾರ್ಸಲ್ ಬಿಚ್ಚುವಾಗ ಅಮ್ಮ ಪಕ್ಕದಲ್ಲೇ ಕೂತು ಬೀನ್ಸ್ ಬಿಡಿಸುತ್ತಿದ್ದರು. ಕವರನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ, “ಏನೋ ಇದು, ಮುಂದೆ ಹೆಸರೇ ಇಲ್ಲ? ಯಾರ ಹಾಡು ಅಂತ ಗೊತ್ತಾಗೋದು ಹೇಗೆ?” ಅಂದರು. ಆಮೇಲೆ ಗೆರೆಗಳ ಮೇಲೆ ಬೆರಳಾಡಿಸಿ, “ಕುದುರೆಮುಖದ ಬೆಟ್ಟದ ಸಾಲು ಇದ್ದಂಗಿದೆ” ಅಂದರು. ಅಮ್ಮ ಚಿಕ್ಕಮಗಳೂರಿನ ಕಡೆಯವರು, ಅವರಿಗೆ ಬೆಟ್ಟವೇ ಕಾಣುವುದು. ನನ್ನ ಅಕ್ಕನ ಮಗಳಿಗೆ ಅದು ಆಸ್ಪತ್ರೆಯ ಇಸಿಜಿ.

ಅಮ್ಮನ ಮೊದಲ ಪ್ರಶ್ನೆಯಲ್ಲೇ ಈ ಕವರಿನ ಇಡೀ ವಿಷಯ ಇದೆ. ನಮ್ಮ ಮನೆಯ ಹಳೆಯ ಕ್ಯಾಸೆಟ್ ಡಬ್ಬಿ ತೆರೆದರೆ ಪ್ರತಿ ಕವರಿನಲ್ಲೂ ನಾಯಕನ ಮುಖ, ನಾಯಕಿಯ ಮುಖ, ಸಿನಿಮಾದ ಹೆಸರು ದಪ್ಪ ಅಕ್ಷರದಲ್ಲಿ, ಕೆಳಗೆ ಸಂಗೀತ ನಿರ್ದೇಶಕರ ಹೆಸರು. ಅದೂ ಚೆಂದವೇ, ಅಂಗಡಿಯವನು ದೂರದಿಂದಲೇ ಗುರುತು ಹಿಡಿದು ತೆಗೆದುಕೊಡುತ್ತಿದ್ದ. ಆದರೆ 1979ರ ಜೂನ್‌ನಲ್ಲಿ ಮ್ಯಾಂಚೆಸ್ಟರಿನ ಫ್ಯಾಕ್ಟರಿ ರೆಕಾರ್ಡ್ಸ್ ಅನ್ನೋ ಪುಟ್ಟ ಕಂಪನಿ, ಯಾರಿಗೂ ಅಷ್ಟಾಗಿ ಗೊತ್ತಿಲ್ಲದ ನಾಲ್ಕು ಹುಡುಗರ ಮೊದಲ ಆಲ್ಬಮ್ಮಿನ ಮುಂಭಾಗದಲ್ಲಿ ಬ್ಯಾಂಡಿನ ಹೆಸರೂ ಹಾಕಲಿಲ್ಲ, ಆಲ್ಬಮ್ಮಿನ ಹೆಸರೂ ಹಾಕಲಿಲ್ಲ. ದೊಡ್ಡ ಕಂಪನಿಯಾಗಿದ್ದರೆ ಮಾರಾಟ ವಿಭಾಗದವರು ಇದಕ್ಕೆ ಒಪ್ಪುತ್ತಿದ್ದರಾ? ಕವರ್ ಮಾಡಿದ ಪೀಟರ್ ಸ್ಯಾವಿಲ್ ಮತ್ತು ಬ್ಯಾಂಡಿನ ಮ್ಯಾನೇಜರ್ ರಾಬ್ ಗ್ರೆಟನ್ ಇಬ್ಬರೇ ಕೂತು, ಹೆಸರು ಬೇಡ ಅಂತ ತೀರ್ಮಾನಿಸಿದರು. ಆ ಹುಡುಗರಿಗೂ ಸ್ಟಾರ್ ಆಗುವ ಆಸೆ ಇರಲಿಲ್ಲ. ಇಂಡಿ, ಅಂದರೆ ದೊಡ್ಡ ಕಂಪನಿಗಳ ಹೊರಗೆ ಬರುವ, ಸಂಗೀತದ ಕವರುಗಳಲ್ಲಿ ಮುಖ ಕಾಣಿಸದೆ ಒಂದು ಚಿತ್ರ ಮಾತ್ರ ಉಳಿಯುವ ಅಭ್ಯಾಸ ಇದೆಯಲ್ಲ, ಅದಕ್ಕೆ ಇದಕ್ಕಿಂತ ಗಟ್ಟಿಯಾದ ಉದಾಹರಣೆ ನನಗೆ ಗೊತ್ತಿಲ್ಲ.

ಈಗ ಚಿತ್ರಕ್ಕೆ ಬರೋಣ. ಅದು ಬೆಟ್ಟವೂ ಅಲ್ಲ, ಎದೆಬಡಿತವೂ ಅಲ್ಲ. ಒಂದು ನಕ್ಷತ್ರದ್ದು. 1967ರಲ್ಲಿ ಕೇಂಬ್ರಿಡ್ಜಿನಲ್ಲಿ ಸಂಶೋಧನೆ ಮಾಡುತ್ತಿದ್ದ ಜೋಸೆಲಿನ್ ಬೆಲ್ ಅನ್ನೋ ಹುಡುಗಿ, ಉದ್ದುದ್ದ ಕಾಗದದ ಸುರುಳಿಗಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾ, ಆಕಾಶದ ಒಂದೇ ಕಡೆಯಿಂದ ಸುಮಾರು 1.33 ಸೆಕೆಂಡಿಗೊಮ್ಮೆ ಬರುತ್ತಿದ್ದ ರೇಡಿಯೋ ಮಿಡಿತ ಕಂಡುಹಿಡಿದರು. ಅದೇ ಮೊದಲ ಪಲ್ಸಾರ್, ಅಂದರೆ ತಿರುಗುತ್ತಾ ಒಂದೇ ಲಯದಲ್ಲಿ ಮಿಡಿತ ಕಳಿಸುವ ನಕ್ಷತ್ರ. ಹೆಸರು ಸಿಪಿ 1919. ಇದು ಇಸವಿ ಅಲ್ಲ, ಆಕಾಶದಲ್ಲಿ ಅದು ಇರುವ ಜಾಗದ ಲೆಕ್ಕ: 19 ಗಂಟೆ 19 ನಿಮಿಷ. 1974ರಲ್ಲಿ ಇದಕ್ಕೆ ನೊಬೆಲ್ ಬಂತು, ಬೆಲ್ ಅವರ ಮಾರ್ಗದರ್ಶಕರಿಗೆ ಬಂತು, ಅವರಿಗೆ ಬರಲಿಲ್ಲ. ಅದನ್ನು ನೆನೆದಾಗಲೆಲ್ಲ ನನಗೆ ಬೇಜಾರಾಗುತ್ತದೆ.

ಆ ಮಿಡಿತಗಳನ್ನು ಗೆರೆಗಳಾಗಿ ಜೋಡಿಸಿದವರು ಹೆರಾಲ್ಡ್ ಕ್ರಾಫ್ಟ್. ಪೋರ್ಟೊರಿಕೊದ ಅರೆಸಿಬೊ ದೂರದರ್ಶಕದ ಮಾಹಿತಿ ಇಟ್ಟುಕೊಂಡು ಬರೆದ, 1970ರ ಅವರ ಪಿಎಚ್‌ಡಿ ಪ್ರಬಂಧದಲ್ಲಿ ಈ ಚಿತ್ರ ಇದೆ. ಒಂದಾದ ಮೇಲೊಂದು ಬಂದ 80 ಮಿಡಿತ, 80 ಗೆರೆ. ಮುಂದಿನ ಗೆರೆ ಹಿಂದಿನದ್ದನ್ನು ಮರೆ ಮಾಡುತ್ತದೆ, ಅದಕ್ಕೇ ಬೆಟ್ಟದ ಹಾಗೆ ಕಾಣುವುದು. ಲೆಕ್ಕ ಹಾಕಿ ನೋಡಿದೆ: ಇಡೀ ಚಿತ್ರ ಎರಡು ನಿಮಿಷಕ್ಕಿಂತ ಕಡಿಮೆ ಸಮಯದ್ದು. ರೆಕಾರ್ಡಿನ ಮೊದಲ ಹಾಡು ಮುಗಿಯುವಷ್ಟರಲ್ಲಿ ಆ ನಕ್ಷತ್ರ ಇನ್ನೊಂದು ಕವರಿಗೆ ಆಗುವಷ್ಟು ತಿರುಗಿರುತ್ತದೆ. ಆಮೇಲೆ ಈ ಚಿತ್ರ 1977ರ ಕೇಂಬ್ರಿಡ್ಜ್ ಖಗೋಳ ವಿಶ್ವಕೋಶದಲ್ಲಿ ಬಂತು, ಅಲ್ಲಿಂದ ಬ್ಯಾಂಡಿನವರ ಕಣ್ಣಿಗೆ ಬಿತ್ತು. ಕ್ರಾಫ್ಟ್ ಅವರಿಗೆ ಇದ್ಯಾವುದೂ ಗೊತ್ತೇ ಇರಲಿಲ್ಲ. ಯಾರೋ ಹೇಳಿದ ಮೇಲೆ ರೆಕಾರ್ಡ್ ಅಂಗಡಿಗೆ ಹೋಗಿ ತಾವೂ ಒಂದು ಕೊಂಡರಂತೆ.

ಇಲ್ಲಿ ಒಂದು ಮಾತು ಸೇರಿಸಲೇಬೇಕು. ಇಂಥ ಮಿಡಿತಗಳನ್ನು ನಮ್ಮ ಗೌರಿಬಿದನೂರಿನ ಹತ್ತಿರದ ರೇಡಿಯೋ ದೂರದರ್ಶಕದಲ್ಲೂ ಹಿಡಿದಿದ್ದಾರೆ. ಬಯಲಲ್ಲಿ ಸಾವಿರ ಆಂಟೆನಾಗಳನ್ನು ಇಂಗ್ಲಿಷಿನ ಟಿ ಆಕಾರದಲ್ಲಿ ನೆಟ್ಟಿದ್ದಾರೆ, ಒಂದು ಸಾಲೇ 1.4 ಕಿಲೋಮೀಟರ್ ಉದ್ದ. ಆ ಟೀ ಶರ್ಟ್ ಹಾಕಿಕೊಂಡು ನಂದಿಬೆಟ್ಟಕ್ಕೆ ಹೋಗುವ ಹುಡುಗರಿಗೆ ಇದನ್ನು ಹೇಳಬೇಕು ಅಂತ ನನಗೆ ಬಹಳ ಆಸೆ.

ಪುಸ್ತಕದಲ್ಲಿ ಆ ಚಿತ್ರ ಬಿಳಿ ಕಾಗದದ ಮೇಲೆ ಕಪ್ಪು ಗೆರೆ. ಬ್ಯಾಂಡಿನವರು ಕೇಳಿದ್ದೂ ಹೊರಗೆ ಬಿಳಿ, ಒಳಗೆ ಕಪ್ಪು. ಸ್ಯಾವಿಲ್ ಅದನ್ನು ಮೀರಿ ಹೊರಗೆ ಕಪ್ಪು, ಒಳಗೆ ಬಿಳಿ ಮಾಡಿದರು. ಅಷ್ಟು ಹೊತ್ತಿಗೆ ಅವರು ಹಾಡುಗಳನ್ನೇ ಕೇಳಿರಲಿಲ್ಲ ಅನ್ನುವುದು ನನಗೆ ಈಗಲೂ ನಂಬುವುದು ಕಷ್ಟ. ಯಾಕೆಂದರೆ ಸೂಜಿ ಇಟ್ಟ ಕೂಡಲೇ ಕೇಳಿಸುವುದು ಅದೇ ಚಿತ್ರ. ನಿರ್ಮಾಪಕ ಮಾರ್ಟಿನ್ ಹ್ಯಾನೆಟ್ ಪ್ರತಿ ವಾದ್ಯದ ಸುತ್ತ ಖಾಲಿ ಜಾಗ ಬಿಟ್ಟಿದ್ದಾರೆ. ಡ್ರಮ್ಮಿನ ಪೆಟ್ಟು ಬೀಗ ಹಾಕಿದ ಗೋದಾಮಿನ ಒಳಗಿಂದ ಬಂದ ಹಾಗಿದೆ. ಒಂದು ಹಾಡಿನಲ್ಲಿ ಸ್ಟುಡಿಯೋದ ಲಿಫ್ಟಿನ ಸದ್ದು ಇದೆ, ಇನ್ನೊಂದರಲ್ಲಿ ಗಾಜು ಒಡೆಯುತ್ತದೆ. ಕವರಿನಲ್ಲೂ ಹಾಗೇ, ಚಿತ್ರ ಚಿಕ್ಕದು, ಸುತ್ತ ಇರುವ ಕಪ್ಪೇ ಜಾಸ್ತಿ. ಟೀ ಶರ್ಟಿನವರು ಗೆರೆಗಳನ್ನು ಎದೆ ತುಂಬ ಹಿಗ್ಗಿಸಿ, ಆ ಖಾಲಿತನವನ್ನೇ ತೆಗೆದುಬಿಟ್ಟಿದ್ದಾರೆ. ಫೋನಿನಲ್ಲಂತೂ ಅದು ಉಗುರಿನಷ್ಟು. ಎಲ್‌ಪಿಯಲ್ಲಿ ಮಾತ್ರ ಆ ಕಪ್ಪು ಸರಿಯಾದ ಅಳತೆಯಲ್ಲಿ ಸಿಗುತ್ತದೆ.

ಮುಟ್ಟಿದರೆ ಇನ್ನೊಂದು ವಿಷಯ. ಕವರಿನ ಕಾಗದ ನುಣುಪಲ್ಲ. ಸಣ್ಣಗೆ ತರಿತರಿ, ಹಳೆಯ ಲೆಕ್ಕದ ಪುಸ್ತಕದ ರಟ್ಟಿನ ಹಾಗೆ. ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಆ ತರಿ ಕಾಣುತ್ತದೆ. ಒಳಗಿನ ಬಿಳಿ ಕವರಿನಲ್ಲಿ ರಾಲ್ಫ್ ಗಿಬ್ಸನ್ ತೆಗೆದ ಒಂದು ಚಿಕ್ಕ ಫೋಟೋ: ಅರ್ಧ ತೆರೆದ ಬಾಗಿಲು, ಅದರ ಕಡೆಗೆ ಒಂದು ಕೈ. ಕೈ ಯಾರದ್ದು, ಒಳಗೆ ಬರುತ್ತಿದೆಯಾ ಹೊರಗೆ ಹೋಗುತ್ತಿದೆಯಾ, ಒಂದೂ ತಿಳಿಯುವುದಿಲ್ಲ. ರೆಕಾರ್ಡಿನ ಎರಡು ಬದಿಗೂ ಎ, ಬಿ ಅಂತ ಇಲ್ಲ. ‘ಹೊರಗೆ’, ‘ಒಳಗೆ’ ಅನ್ನುವ ಅರ್ಥದ ಹೆಸರಿಟ್ಟಿದ್ದಾರೆ. ಕಪ್ಪು ಕವರ್, ಬಿಳಿ ಕವರ್, ಬಾಗಿಲು, ಈ ಹೆಸರುಗಳು, ಎಲ್ಲ ಒಂದೇ ಮಾತನ್ನು ಹಿಡಿದುಕೊಂಡಿವೆ ಅಂತ ನನಗೆ ಗೊತ್ತಾಗಿದ್ದು ಮೂರನೇ ವಾರದಲ್ಲಿ, ಬದಿ ತಿರುಗಿಸಲು ಎದ್ದಾಗ.

ಒಂದು ವಿಷಯದಲ್ಲಿ ನನಗೆ ಬೇರೆಯವರ ಜೊತೆ ತಕರಾರು ಇದೆ. ಗಾಯಕ ಇಯಾನ್ ಕರ್ಟಿಸ್‌ಗೆ ಮೂರ್ಛೆ ರೋಗ ಇತ್ತು, 1980ರ ಮೇ 18ರಂದು, 23ನೇ ವಯಸ್ಸಿನಲ್ಲಿ, ಆತ್ಮಹತ್ಯೆ ಮಾಡಿಕೊಂಡ. ಅದಾದ ಮೇಲೆ ಈ ಗೆರೆಗಳನ್ನು ಅವನ ಮಿದುಳಿನ ಅಲೆ, ನಿಂತುಹೋಗುವ ಎದೆಬಡಿತ ಅಂತೆಲ್ಲ ಓದುತ್ತಾರೆ. ಚಿತ್ರ ಆರಿಸಿದಾಗ ಅವನು ಬದುಕಿದ್ದ. ಚಿತ್ರಕ್ಕೆ ಸಾವನ್ನು ಆಮೇಲೆ ನಾವು ಅಂಟಿಸಿದ್ದು. ಅಮ್ಮನ ಬೆಟ್ಟ ಅದಕ್ಕಿಂತ ವಾಸಿ ಅಂತ ನನ್ನ ಅನಿಸಿಕೆ.

2019ರಲ್ಲಿ 40 ವರ್ಷ ತುಂಬಿದಾಗ ಬಿಳಿ ಕವರಿನ, ಕೆಂಪು ರೆಕಾರ್ಡಿನ ಆವೃತ್ತಿ ಬಂತು, ಅಂದರೆ ಕವರಿಗೆ ಬ್ಯಾಂಡ್ ಮೊದಲು ಕೇಳಿದ್ದ ಬಿಳಿ ಬಣ್ಣ. ಗೆಳೆಯನ ಮನೆಯಲ್ಲಿ ನೋಡಿದೆ. ನೀಟಾಗಿದೆ, ಆದರೆ ಬಿಳಿಯ ಮೇಲೆ ಅದು ಮತ್ತೆ ವಿಜ್ಞಾನ ಪುಸ್ತಕದ ನಕ್ಷೆಯಾಗಿಬಿಡುತ್ತದೆ. ಸ್ಯಾವಿಲ್ ಹಟ ಮಾಡಿದ್ದು ಒಳ್ಳೆಯದೇ ಆಯಿತು.

ನನ್ನ ಪ್ರತಿ ಬಂದಾಗ ಕೆಳಗಿನ ಬಲ ಮೂಲೆ ಜಜ್ಜಿಹೋಗಿತ್ತು. ಕೊರಿಯರಿನವರು ತೆಳು ರಟ್ಟಿನ ಪೆಟ್ಟಿಗೆಯನ್ನು ಗೇಟಿನ ಮೇಲಿಂದ ಒಳಗೆ ಎಸೆದು ಹೋಗಿದ್ದರು. ಕಪ್ಪು ಕಾಗದ ಒಡೆದ ಕಡೆ ಒಳಗಿನ ಬಿಳಿ ಇಣುಕುತ್ತದೆ, ಸ್ಕೆಚ್ ಪೆನ್ನಿನಲ್ಲಿ ತಿದ್ದಲು ಮನಸ್ಸು ಬರಲಿಲ್ಲ. ಕೈ ಗುರುತೂ ಬೇಗ ಬೀಳುತ್ತದೆ, ಪ್ಲಾಸ್ಟಿಕ್ ಹೊರಕವರ್ ಬೇಕೇ ಬೇಕು. ಆದ್ದರಿಂದ ತಗೊಳ್ಳುವುದಾದರೆ ಅಂಗಡಿಗೇ ಹೋಗಿ. ಮೂಲೆಗಳನ್ನು ನೋಡಿ, ಆಮೇಲೆ ಕಿಟಕಿಯ ಹತ್ತಿರ ಒಯ್ದು ಓರೆಯಾಗಿ ಹಿಡಿಯಿರಿ. ತರಿ ಕಾಣದೆ ನುಣ್ಣಗೆ ಹೊಳೆದರೆ ವಾಪಸ್ ಕೊಟ್ಟು ಇನ್ನೊಂದು ಪ್ರತಿ ಕೇಳಿ.