ಹಿಂದಿನ ಬ್ರೇಕ್ ಪಿಸ್ಟನ್ ತಿರುಗಿಸುವ ಟೂಲ್ ಕಿಟ್: ಕೊಟ್ಟ ದುಡ್ಡಿಗೆ ಮೋಸ ಇಲ್ಲ

ನನ್ನ ಹಳೆ ಸೆಡಾನ್‌ನ ಹಿಂದಿನ ಎಡ ಚಕ್ರ ಕೈ ಇಡೋಕಾಗದಷ್ಟು ಬಿಸಿಯಾಗುತ್ತಿತ್ತು, ಮೈಲೇಜೂ ಬಿದ್ದಿತ್ತು. ಗ್ಯಾರೇಜಿನವರು ನೋಡಿದ ತಕ್ಷಣ ಇಡೀ ಕ್ಯಾಲಿಪರ್ (ಪಿಸ್ಟನ್‌ನಿಂದ ಬ್ರೇಕ್ ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಬದಲಿಸಿ ಅಂದರು. ಸುಮ್ನೆ ಯಾಕೆ ಅಂತ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಈ ಕಿಟ್ಟನ್ನೂ ಸೀಲ್ ಸೆಟ್ಟನ್ನೂ ತಂದೆ.

ಮುಂದಿನ ಚಕ್ರದ ಪಿಸ್ಟನ್ ಆದರೆ ಜಿ-ಕ್ಲಾಂಪ್ (ತಿರುಪಿನಿಂದ ಬಿಗಿಯುವ ಹಿಡಿಕೆ) ಹಾಕಿ ಒಳಕ್ಕೆ ಒತ್ತಿದರೆ ಸಾಕು. ಹ್ಯಾಂಡ್‌ಬ್ರೇಕ್ ಕ್ಯಾಲಿಪರ್ ಒಳಗೇ ಇರುವ ಕಾರುಗಳಲ್ಲಿ ಹಿಂದಿನದು ಹಾಗಲ್ಲ, ಒಳಗೆ ಸ್ಕ್ರೂ ಇರುತ್ತದೆ, ಒತ್ತುತ್ತಲೇ ತಿರುಗಿಸಬೇಕು, ಬರೀ ಒತ್ತಿದರೆ ಒಳಗಿನದ್ದು ಮುರಿದೀತು. ಈ ಟೂಲ್ ಎರಡನ್ನೂ ಒಟ್ಟಿಗೆ ಮಾಡುತ್ತದೆ, ಅದೇ ಇದರ ಮಜಾ. ಯಾವ ಕಡೆಗೆ ತಿರುಗಿಸಬೇಕು ಅಂತ ಮೊದಲೇ ತಿಳ್ಕೊಳ್ಳಿ, ಕೆಲವು ಕಾರುಗಳಲ್ಲಿ ಉಲ್ಟಾ. ನನ್ನದರಲ್ಲಿ ಪಿಸ್ಟನ್ ಮುಚ್ಚುವ ರಬ್ಬರ್ ಬೂಟ್ ಹರಿದು ನೀರು ಹೋಗಿ ಪಿಸ್ಟನ್ ಅಂಚಿಗೆ ತುಕ್ಕು ಹಿಡಿದಿತ್ತು, ಅದು ಸಿಕ್ಕಿಕೊಂಡು ಬ್ರೇಕ್ ಬಿಡದೆ ಚಕ್ರ ಬಿಸಿಯಾಗುತ್ತಿತ್ತು. ಹೊರಗೆ ತೆಗೆದು ಒರೆಸಿ, ಹೊಸ ಸೀಲ್‌ಗೆ ಬ್ರೇಕ್ ಆಯಿಲನ್ನೇ ಸವರಿ ಕೂರಿಸಿದೆ. ಎಂಜಿನ್ ಆಯಿಲ್, ಪೆಟ್ರೋಲ್ ಮುಟ್ಟಿಸಬೇಡಿ, ರಬ್ಬರ್ ಉಬ್ಬುತ್ತದೆ. ಪಿಸ್ಟನ್ ಮೇಲೆ ಗುಳಿ ಬಿದ್ದಿದ್ದರೆ ಮಾತ್ರ ಹೊಸದೇ ಬೇಕು.

ಬೇಜಾರು ಒಂದೇ: ಪಿಸ್ಟನ್ನಿಗೆ ಕಚ್ಚಿಕೊಳ್ಳುವ ಅಡಾಪ್ಟರ್ ಪಿನ್ನುಗಳು ಸಡಿಲ, ಎರಡು ಸಲ ಜಾರಿ ಬೆರಳು ಕೆತ್ತಿತು. ಡಬ್ಬಿಯಲ್ಲಿ ಕನ್ನಡ ಬಿಡಿ, ಯಾವ ಭಾಷೆಯ ಸೂಚನೆಯೂ ಇಲ್ಲ. ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ (ಗುಂಡಿ ಒತ್ತಿ ಹಾಕುವ ಹ್ಯಾಂಡ್‌ಬ್ರೇಕ್) ಇರುವವರು ಇದನ್ನು ತರಬೇಡಿ, ಅದಕ್ಕೆ ಸಾಮಾನ್ಯವಾಗಿ ಕಾರಿನ ಕಂಪ್ಯೂಟರಿಗೆ ಸ್ಕ್ಯಾನರ್ ಹಾಕಿ ಸರ್ವಿಸ್ ಮೋಡ್‌ಗೆ ತರಬೇಕು. ಕೊನೆಗೆ ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆಯುವಾಗ ಪೆಡಲ್ ಒತ್ತೋಕೆ ಮನೆಯಲ್ಲಿ ಒಬ್ಬರನ್ನು ಒಪ್ಪಿಸಿಟ್ಟುಕೊಳ್ಳಿ, ನನಗೆ ಅದೇ ಜಾಸ್ತಿ ಕಷ್ಟವಾಯಿತು.