ಪಾಯಕ್ಕೆ ಬಿಟ್ಟಿ ಡೆಬ್ರಿಸ್ ತುಂಬಿಸಿ ಕೈ ಸುಟ್ಟುಕೊಂಡೆ

ಮನೆ ಕಟ್ಟಿಸುತ್ತಿರುವವರು ಇದನ್ನೊಮ್ಮೆ ಓದಿ. ಪಾಯ ತುಂಬಿಸುವ ಹಂತದಲ್ಲಿದ್ದರಂತೂ ಇವತ್ತೇ ಓದಿ.

ನಮ್ಮದು ಬೆಂಗಳೂರಿನ ಕನಕಪುರ ರಸ್ತೆ ಕಡೆ ಥರ್ಟಿ ಫಾರ್ಟಿ ಸೈಟು, ರಸ್ತೆಗಿಂತ ತಗ್ಗು. ಮೂರಡಿ ತುಂಬಿಸಬೇಕಿತ್ತು. ಗರಸು (ಕಲ್ಲುಚೂರು ಬೆರೆತ ಗಟ್ಟಿ ಮಣ್ಣು) ಕೊಂಡಿದ್ದರೆ 40 ಸಾವಿರ ಆಗುತ್ತಿತ್ತು. ಅಷ್ಟರಲ್ಲಿ ಟ್ರಾಕ್ಟರಿನವನೊಬ್ಬ ಬಂದು, "ಸಾರ್, ಹಳೇ ಮನೆ ಒಡೀತಿದೀವಿ, ಡೆಬ್ರಿಸ್ ಬಿಟ್ಟಿ ಹಾಕ್ತೀನಿ" ಅಂದ. ಡೆಬ್ರಿಸ್ ಅಂದರೆ ಕಟ್ಟಡ ಒಡೆದಾಗ ಉಳಿಯುವ ಅವಶೇಷ. ಮೇಸ್ತ್ರಿಯೂ ಹೂಂ ಅಂದ. ಎರಡೇ ರಾತ್ರಿಯಲ್ಲಿ 25 ಲೋಡ್ ಬಂದು ಬಿತ್ತು. ರಾತ್ರಿಯೇ ಯಾಕೆ ತರ್ತಾನೆ ಅಂತ ಕೇಳಬೇಕಿತ್ತು, ಕೇಳಲಿಲ್ಲ.

ಗೃಹಪ್ರವೇಶ ಆಗಿ ಎರಡನೇ ಮಳೆಗಾಲಕ್ಕೆ ಹಾಲ್‌ನ ಟೈಲ್ಸ್ ಕಾಲಿಟ್ಟರೆ ಟೊಳ್ಳು ಸದ್ದು ಮಾಡತೊಡಗಿತು. ಅಡುಗೆಮನೆ ನೆಲ ಒಂದು ಮೂಲೆಗೆ ಕುಸಿಯಿತು. ಆಮೇಲೆ ದೇವರ ಮನೆ ಬಾಗಿಲಿಗೆ ಗೆದ್ದಲು. ಕೊನೆಗೆ ನೆಲ ಅಗೆಸಿದೆವು. ಒಳಗೆ ಏನಿತ್ತು ಗೊತ್ತಾ? ಕೊಳೆತ ಕಿಟಕಿ ಚೌಕಟ್ಟು, ಫಾಲ್ಸ್ ಸೀಲಿಂಗಿನ ಪಿಓಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್), ಥರ್ಮಾಕೋಲ್, ವೈರ್ ಪೈಪು, ಗೋಣಿಚೀಲ, ಅರ್ಧ ಒಡೆದ ಕಮೋಡ್ ಕೂಡ! ದೇವರ ಮನೆ ಕೆಳಗೆ ಯಾರದ್ದೋ ಕಮೋಡ್. ನಮ್ಮಮ್ಮ ಇವತ್ತಿಗೂ ನನ್ನನ್ನು ಕ್ಷಮಿಸಿಲ್ಲ.

ಹೀಗೆ ಯಾಕಾಯಿತು ಅಂದರೆ, ಡೆಬ್ರಿಸ್‌ನ ದೊಡ್ಡ ದೊಡ್ಡ ತುಂಡುಗಳ ನಡುವೆ ಖಾಲಿ ಜಾಗ ಉಳಿದಿರುತ್ತೆ, ಎಷ್ಟು ದಿಮ್ಮಿಸ ಹೊಡೆದರೂ ಕೂರಲ್ಲ, ನೀರು ಇಳಿದಾಗ ಮೇಲಿನ ಮಣ್ಣು ಆ ಸಂದಿಗಳಿಗೆ ಜಾರಿ ನೆಲದಡಿ ಪೊಳ್ಳಾಗುತ್ತೆ. ಮರ ಕೊಳೆಯುತ್ತೆ, ಗೆದ್ದಲು ಕರೆಯುತ್ತೆ. ಪಿಓಪಿ ನೀರು ಕುಡಿದು ಮೆತ್ತಗಾಗುತ್ತೆ. ರಿಪೇರಿಗೆ 2 ಲಕ್ಷ 80 ಸಾವಿರ ಹೋಯಿತು.

ಡೆಬ್ರಿಸ್ ಅಂದರೇ ಕೆಟ್ಟದ್ದು ಅಂತ ಹೇಳ್ತಿಲ್ಲ. ಬೆಂಗಳೂರಿನ ಉತ್ತರಕ್ಕೆ ಚಿಕ್ಕಜಾಲದ ಹತ್ತಿರ ಇದನ್ನು ಪುಡಿ ಮಾಡುವ ಘಟಕ ಇದೆ. ಇಂಥ ಕಡೆ ಕಬ್ಬಿಣ, ಮರ, ಪ್ಲಾಸ್ಟಿಕ್ ತೆಗೆದು, ಕಾಂಕ್ರೀಟ್ ಇಟ್ಟಿಗೆಯನ್ನು ಒಡೆದು ಜರಡಿ ಹಿಡಿದು ಜಲ್ಲಿ, ಮರಳು ಮಾಡ್ತಾರೆ. ಕಾಂಕ್ರೀಟಿನ ಜಲ್ಲಿ, ಮರಳಿಗೆ ಇರುವ ಭಾರತೀಯ ಮಾನದಂಡ ಐಎಸ್ 383ರ 2016ರ ಆವೃತ್ತಿಯ ಪ್ರಕಾರ ಎಂ25 ಬಲದ ದರ್ಜೆಯವರೆಗಿನ ಆರ್‌ಸಿಸಿಗೆ (ಕಬ್ಬಿಣ ಹಾಕಿದ ಕಾಂಕ್ರೀಟಿಗೆ) ದಪ್ಪ ಜಲ್ಲಿಯಲ್ಲಿ 20% ತನಕ ಹಳೇ ಕಾಂಕ್ರೀಟಿನದ್ದು ಹಾಕಬಹುದು. ಬೇರ್ಪಡಿಸಿದ್ದು ಮಾಲು, ಬೆರೆತದ್ದು ಕಸ, ಅಷ್ಟೇ ವ್ಯತ್ಯಾಸ. 2016ರ ಕೇಂದ್ರದ ನಿಯಮದಲ್ಲೂ ಡೆಬ್ರಿಸ್ ರಸ್ತೆಗೆ, ಚರಂಡಿಗೆ ಸುರಿಯುವಂತಿರಲಿಲ್ಲ, ಬೇರೆ ಕಸದ ಜೊತೆ ಬೆರೆಸುವಂತಿರಲಿಲ್ಲ. ಆದರೆ ಕನಕಪುರ ರಸ್ತೆಯಿಂದ ಊರಿನ ಆ ತುದಿಗೆ ಡೀಸೆಲ್ ಸುಟ್ಟು ಯಾರು ಹೋಗ್ತಾರೆ? ನಮ್ಮಂಥವರ ಪಾಯ ಹತ್ತಿರ ಅಲ್ವಾ.

ಡೆಬ್ರಿಸ್ ಬೇಕೇ ಬೇಕು ಅಂದರೆ ಹಗಲಲ್ಲಿ ತರಿಸಿ. ಪ್ರತಿ ಲೋಡನ್ನೂ ಸೈಟಿನ ಹೊರಗೆ ಸುರಿಸಿ ನೋಡಿ. ಮರ, ಪಿಓಪಿ ಕಂಡರೆ ವಾಪಸ್ ಕಳಿಸಿ. ಸಿಮೆಂಟ್ ಶೀಟಿನ ಚೂರು ಕಂಡರೆ ಕೈಯಿಂದ ಮುಟ್ಟಬೇಡಿ, ಹಳೆಯವುಗಳಲ್ಲಿ ಆಸ್ಬೆಸ್ಟಾಸ್ ಇರುತ್ತೆ, ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ನಮಗೆ ಗರಸೇ ಗತಿಯಾಯಿತು: ಅರ್ಧ ಅಡಿಗೊಂದು ಪದರ, ನೀರು ಬಿಟ್ಟು ದಿಮ್ಮಿಸ.

ಅಗೆದು ತೆಗೆದದ್ದು ಆರು ಲೋಡ್ ಆಯಿತು. ಸಾಗಿಸೋಕೆ ಗಾಡಿ ಹುಡುಕುತ್ತಿದ್ದಾಗ ಅದೇ ಟ್ರಾಕ್ಟರಿನವನು ಸಿಕ್ಕ. ಗುರುತು ಹಿಡಿಯಲಿಲ್ಲ. "ನಾನೇ ತಗೊಂಡು ಹೋಗ್ತೀನಿ ಸಾರ್," ಅಂದ, "ಪಕ್ಕದ ಲೇಔಟಲ್ಲಿ ಒಬ್ರು ಪಾಯ ತುಂಬಿಸ್ತಿದಾರೆ."